ಹರಿದ ಸ್ಪೀಕರ್ ಕೋನಿಗೆ ತೇಪೆ ಹಾಕುವ ಬಗೆ

ಬೇಸ್ ಗಿಟಾರಿನ ದಪ್ಪ ತಂತಿಯನ್ನು ಮೀಟಿದಾಗ, ನಾದದ ಬೆನ್ನಿಗೇ ಒಣಗಿದ ಎಲೆ ಅಲುಗಾಡಿದಂಥ ಪರಪರ ಸದ್ದು ಸ್ಪೀಕರುಗಳ ಪೆಟ್ಟಿಗೆಯಾದ ಕ್ಯಾಬಿನೆಟ್ಟಿನಿಂದ ಬರತೊಡಗಿದರೆ, ಸ್ಪೀಕರಿನ ಕಾಗದದ ಕೋನ್ (ಅದುರಿ ಸದ್ದು ಹೊರಡಿಸುವ ಆಲಿಕೆಯಾಕಾರದ ಭಾಗ) ಎಲ್ಲೋ ಸೀಳಿದೆಯೆಂದು ಅನುಮಾನಿಸಬಹುದು. ನಾಲ್ಕು ತಂತಿಗಳ ಬೇಸ್ ಗಿಟಾರಿನ ಅತಿ ತಗ್ಗಿನ ಸ್ವರ ಸುಮಾರು 41 ಹರ್ಟ್ಸ್. ಅಂದರೆ ಕೋನ್ ಸೆಕೆಂಡಿಗೆ 41 ಬಾರಿ ಹಿಂದೆ ಮುಂದೆ ಓಡಾಡುತ್ತದೆ. ಇಷ್ಟು ದುಡಿಯುವ ಕಾಗದಕ್ಕೆ ಬೇಕಾದದ್ದು ಹಗುರವಾದ, ಬಾಗುವ ತೇಪೆಯೇ ಹೊರತು ಕಲ್ಲಿನಂತೆ ಗಟ್ಟಿಯಾದದ್ದಲ್ಲ.

ಕ್ಯಾಬಿನೆಟ್ಟಿನಲ್ಲಿ ನಾಲ್ಕೋ ಎಂಟೋ ಸ್ಪೀಕರುಗಳಿದ್ದರೆ, ಒಬ್ಬರು ಸಣ್ಣ ದನಿಯಲ್ಲಿ ಒಂದೇ ಸ್ವರವನ್ನು ನುಡಿಸುತ್ತಿರುವಾಗ ಇನ್ನೊಬ್ಬರು ಪ್ರತಿಯೊಂದರ ಹತ್ತಿರ ಕಿವಿಯಿಟ್ಟು ದೋಷವಿರುವುದನ್ನು ಗುರುತಿಸಬೇಕು. ಅನಂತರ ಆಂಪ್ಲಿಫೈಯರನ್ನು ಆಫ್ ಮಾಡಿ, ಕೇಬಲ್ ತೆಗೆದು, ಜಾಲರಿ ಬಿಚ್ಚಿ, ಯಾವ ತಂತಿ ಪಾಸಿಟಿವ್ ತುದಿಗೆ ಸೇರಿದೆಯೆಂದು ಬರೆದಿಟ್ಟುಕೊಳ್ಳಿ. ಸ್ಕ್ರೂ ತೆಗೆಯುವಾಗ ವಿಶೇಷ ಎಚ್ಚರ ಬೇಕು: ಹಿಂದಿನ ಅಯಸ್ಕಾಂತದ ಸೆಳೆತಕ್ಕೆ ಸ್ಕ್ರೂಡ್ರೈವರ್ ಜಾರಿ ನೇರವಾಗಿ ಕೋನಿಗೆ ಚುಚ್ಚಿಕೊಳ್ಳುತ್ತದೆ. ಎಷ್ಟೋ ಒಳ್ಳೆಯ ಸ್ಪೀಕರುಗಳು ತೂತಾಗುವುದು ದುರಸ್ತಿಯ ಹೊತ್ತಿನಲ್ಲೇ. ಆದ್ದರಿಂದ ಬಿಡುವಿರುವ ಕೈಯನ್ನು ಕೋನಿನ ಮೇಲೆ ಅಡ್ಡ ಹಿಡಿದೇ ಕೆಲಸ ಮಾಡಿ.

ಹೊರತೆಗೆದ ಮೇಲೆ, ಎರಡೂ ಕೈಗಳ ಬೆರಳುಗಳನ್ನು ಕೋನಿನ ಮೇಲೆ ಸಮವಾಗಿ ಹರಡಿ ಮೆಲ್ಲಗೆ ಒತ್ತಿ ನೋಡಿ. ಒಳಗೆ ಕರಕರ ಉಜ್ಜಿದ ಸದ್ದಾದರೆ ವಾಯ್ಸ್ ಕಾಯಿಲ್ (ಅಯಸ್ಕಾಂತದ ನಡುವೆ ಓಡಾಡುತ್ತ ಕೋನನ್ನು ಅಲುಗಿಸುವ ತಂತಿಯ ಸುರುಳಿ) ತನ್ನ ಜಾಗ ತಪ್ಪಿದೆ ಅಥವಾ ಸುಟ್ಟು ಉಬ್ಬಿದೆ. ಆಗ ಅಂಟಿನಿಂದ ಪ್ರಯೋಜನವಿಲ್ಲ, ಕೋನನ್ನೇ ಬದಲಾಯಿಸುವವರ ಬಳಿಗೆ ಒಯ್ಯಬೇಕು. ಸದ್ದಿಲ್ಲದಿದ್ದರೆ, ಕತ್ತಲೆ ಕೋಣೆಯಲ್ಲಿ ಹಿಂಬದಿಯಿಂದ ಟಾರ್ಚ್ ಬಿಡಿ. ಕಣ್ಣಿಗೆ ಕಾಣದಿದ್ದ ಸೀಳು ಬೆಳಕಿನ ಗೆರೆಯಾಗಿ ಹೊಳೆಯುತ್ತದೆ, ಅದರ ನಿಜವಾದ ಉದ್ದವೂ ತಿಳಿಯುತ್ತದೆ.

ಮೃದುವಾದ ಬ್ರಶ್ಶಿನಿಂದ ಧೂಳು ತೆಗೆದು, ಸೀಳಿನ ಅಂಚುಗಳನ್ನು ಒಂದರ ಮೇಲೊಂದು ಏರದಂತೆ ಕೂಡಿಸಿ. ಮರಗೆಲಸದ ಬಿಳಿ ಫೆವಿಕಾಲಿಗೆ ಸ್ವಲ್ಪ ನೀರು ಬೆರೆಸಿ ತೆಳ್ಳಗೆ ಮಾಡಿಕೊಂಡರೆ ಸಾಕು. ಸೂಪರ್ ಗ್ಲೂ, ಎಪಾಕ್ಸಿಗಳು ಒಣಗಿ ಬಿರುಸಾಗುವುದರಿಂದ ಅವುಗಳ ಪಕ್ಕದಲ್ಲೇ ಹೊಸ ಸೀಳು ಹುಟ್ಟುತ್ತದೆ. ತೇಪೆಗೆ ಟಿಶ್ಯೂ ಅಥವಾ ಕಾಫಿ ಸೋಸುವ ಕಾಗದ ಒಳ್ಳೆಯದು. ಅದನ್ನು ಕತ್ತರಿಯಿಂದ ಕತ್ತರಿಸದೆ ಕೈಯಿಂದಲೇ ಹರಿಯಿರಿ. ಹರಿದ ಅಂಚಿನಲ್ಲಿ ನಾರುಗಳು ಎಳೆ ಎಳೆಯಾಗಿ ಹೊರಚಾಚಿಕೊಂಡು ಕೋನಿನ ಕಾಗದದೊಡನೆ ಬೆರೆತುಹೋಗುತ್ತವೆ. ಕತ್ತರಿಸಿದ ಅಂಚು ಮೆಟ್ಟಿಲಿನಂತೆ ನಿಂತು, ಬಾಗುವ ಭಾರವೆಲ್ಲ ಆ ಒಂದೇ ಗೆರೆಯ ಮೇಲೆ ಬೀಳುತ್ತದೆ. ಸೀಳಿನ ಎರಡೂ ಬದಿಗೆ ಅರ್ಧ ಇಂಚು ದಾಟುವಷ್ಟು ಅಗಲದ ತೇಪೆಯನ್ನು ಮೊದಲು ಹಿಂದಿನಿಂದ ಅಂಟಿಸಿ, ಅದು ಒಣಗಿದ ಬಳಿಕ ಮುಂದಿನಿಂದ ಇನ್ನೊಂದು ತೆಳು ಪದರ ಹಾಕಿ. ಅಲ್ಲಿಗೆ ನಿಲ್ಲಿಸುವುದು ಲೇಸು. ಪದರ ಹೆಚ್ಚಿದಷ್ಟೂ ಕೋನಿನ ತೂಕ ಹೆಚ್ಚಿ, ಅದರ ಚಲನೆಯೇ ಬದಲಾಗುತ್ತದೆ.

ಹರಿದಿರುವುದು ಹೊರ ಅಂಚಿನ ಸುಕ್ಕು ಪಟ್ಟಿಯಾದರೆ ಕೆಲಸ ಇನ್ನೂ ನಾಜೂಕು. ಮಡಿಕೆಗಳೊಳಗೆ ಅಂಟು ತುಂಬಿಕೊಂಡರೆ ಪಟ್ಟಿ ಬಿಗಿದುಕೊಳ್ಳುತ್ತದೆ. ಒಣಗಿದ ಮೇಲೂ ರಬ್ಬರಿನಂತೆ ಬಳುಕುವ ಅಂಟನ್ನು ಬೆರಳ ತುದಿಯಿಂದ ತೆಳ್ಳಗೆ ಸವರಬೇಕು.

ಕನಿಷ್ಠ ಒಂದು ಇಡೀ ದಿನ ಒಣಗಲು ಬಿಡಿ. ಮಲೆನಾಡಿನ ಮಳೆಗಾಲದಲ್ಲಾದರೆ ಎರಡು ದಿನ. ಮತ್ತೆ ಕೂರಿಸುವಾಗ ಎದುರುಬದುರಿನ ಸ್ಕ್ರೂಗಳನ್ನು ಸರದಿಯಂತೆ ಸ್ವಲ್ಪಸ್ವಲ್ಪವೇ ಬಿಗಿದರೆ ಚೌಕಟ್ಟು ಸೊಟ್ಟಗಾಗುವುದಿಲ್ಲ. ಮುಚ್ಚಿದ ಕ್ಯಾಬಿನೆಟ್ಟಿನಲ್ಲಿ ಸ್ಪೀಕರಿನ ಸುತ್ತಲಿನ ಗ್ಯಾಸ್ಕೆಟ್ಟಿನಿಂದ (ಸಂದು ಮುಚ್ಚುವ ಪಟ್ಟಿಯಿಂದ) ಗಾಳಿ ಸೋರದಂತೆಯೂ ನೋಡಿಕೊಳ್ಳಿ. ಆಮೇಲೆ ಸಣ್ಣ ದನಿಯಲ್ಲಿ ಅದೇ ದಪ್ಪ ತಂತಿಯನ್ನು ಮೀಟಿ, ಒಂದೊಂದು ಹಂತವಾಗಿ ದನಿ ಏರಿಸುತ್ತ ಕೇಳಿ. ಪರಪರ ಇನ್ನೂ ಉಳಿದಿದ್ದರೆ ತೇಪೆಯನ್ನು ದೂರುವ ಮೊದಲು, ಕೋನಿನ ನಡುವೆ ಧೂಳು ತಡೆಯುವ ಮುಚ್ಚಳವಾದ ಡಸ್ಟ್ ಕ್ಯಾಪಿನ ಅಂಟು ಬಿಟ್ಟಿದೆಯೇ, ಕಾಯಿಲಿಗೆ ಹೋಗುವ ಹೆಣೆದ ತಂತಿ ಕೋನಿಗೆ ತಾಗುತ್ತಿದೆಯೇ ಎಂದು ಪರೀಕ್ಷಿಸಿ.