ಒಗರು ಗೊತ್ತಿದ್ದರೆ ಸಾಕು: ನಂದಿ ತಪ್ಪಲಿನ ಕೆಂಪು ವೈನ್‌ಗೆ ನಮ್ಮ ಊಟ

ಏಪ್ರಿಲ್ ತಿಂಗಳ ಒಂದು ಭಾನುವಾರ ನಾಟಿಕೋಳಿ ಸಾರು, ಮುದ್ದೆ ಮಾಡಿ, ಜೊತೆಗಿರಲಿ ಅಂತ ಒಂದು ಕೆಂಪು ವೈನ್ ಬಾಟಲಿ ತೆಗೆದೆ. ಎರಡನೇ ಗುಟುಕಿಗೇ ನಾಲಿಗೆ ಹೊತ್ತಿಕೊಂಡಿತು. ವೈನ್‌ನಲ್ಲಿ ಏನೂ ತಪ್ಪಿರಲಿಲ್ಲ. ಸಾರಿಗೆ ಬ್ಯಾಡಗಿ ಜೊತೆ ಗುಂಟೂರು ಮೆಣಸಿನಕಾಯಿನೂ ಬಿದ್ದಿತ್ತು, ಬಾಟಲಿ ಅಡುಗೆಮನೆಯ ಶೆಲ್ಫಿನಲ್ಲಿ ಬೆಚ್ಚಗೆ ಕೂತಿತ್ತು. ಆಲ್ಕೋಹಾಲ್ ಖಾರದ ಉರಿಯನ್ನು ಇನ್ನೂ ಏರಿಸುತ್ತದೆ.

ಮೊದಲು ಬಾಟಲಿ ಆರಿಸಿಕೊಳ್ಳಿ. ದೊಡ್ಡಬಳ್ಳಾಪುರದ ಹತ್ತಿರ, ನಂದಿ ಬೆಟ್ಟದ ತಪ್ಪಲಿನಲ್ಲಿ 1988ರಲ್ಲಿ ಶುರುವಾದ ಗ್ರೋವರ್ ವೈನರಿ (2012ರಿಂದ ಗ್ರೋವರ್ ಝಂಪಾ) ನಮಗೆ ಹತ್ತಿರದ ಹೆಸರು. ಅವರ 'ಲಾ ರಿಸರ್ವ್' ಕ್ಯಾಬರ್ನೆ ಸೊವಿನ್ಯೋಂ ಮತ್ತು ಶಿರಾಝ್ ದ್ರಾಕ್ಷಿಗಳ ಮಿಶ್ರಣ. ನಮ್ಮ ಬೆಂಗಳೂರು ಬ್ಲೂ ದ್ರಾಕ್ಷಿಯ ವೈನ್ ಬೇರೆಯದೇ ಜಾತಿ. ಅದು ಹೆಚ್ಚಾಗಿ ಪೋರ್ಟ್ ಅನ್ನುವ ಸಿಹಿ ವೈನ್ ಆಗಿ ಸಿಗುತ್ತದೆ, ಊಟಕ್ಕೆ ಅಷ್ಟಾಗಿ ಹೊಂದಲ್ಲ. ತೋಟ ನೋಡೋಕೆ ಹೋಗುವುದಾದರೆ ಫೆಬ್ರವರಿ, ಮಾರ್ಚ್‌ನಲ್ಲಿ ಹೋಗಿ, ಆಗ ಕೊಯ್ಲು. ಕಾರು ಓಡಿಸುವವರು ಮಾತ್ರ ಕುಡಿಯದವರೇ ಇರಲಿ.

ಆಮೇಲೆ ತಣ್ಣಗೆ ಮಾಡಿ. ಕೆಂಪು ವೈನನ್ನು ರೂಮಿನ ಬಿಸಿಯಲ್ಲೇ ಕುಡಿಯಬೇಕು ಅನ್ನುವುದು ಚಳಿ ದೇಶದವರ ಮಾತು. ಅದಕ್ಕೆ ಬೇಕಿರುವುದು 16ರಿಂದ 18 ಡಿಗ್ರಿ, ನಮ್ಮ ಮನೆಯೊಳಗೆ ಬೇಸಿಗೆಯಲ್ಲಿ 28 ಇರುತ್ತದೆ. ಒಂದು, ಒಂದೂವರೆ ಗಂಟೆ ಫ್ರಿಜ್‌ನಲ್ಲಿಡಿ. ಸ್ಟೀಲ್ ಲೋಟ ಬೇಡ, ಗಾಜಿನ ಗ್ಲಾಸೇ ಇರಲಿ. ಮೂರನೇ ಒಂದು ಭಾಗ ಮಾತ್ರ ಸುರಿಯಿರಿ, ವಾಸನೆ ನಿಲ್ಲೋಕೆ ಜಾಗ ಬೇಕಲ್ವಾ.

ಈಗ ಮುಖ್ಯ ವಿಷಯ. ಕೆಂಪು ವೈನ್ ಮಾಡುವಾಗ ದ್ರಾಕ್ಷಿಯ ಸಿಪ್ಪೆ, ಬೀಜ ಎರಡೂ ರಸದ ಜೊತೆಯಲ್ಲೇ ಹುದುಗುತ್ತವೆ. ಅದರಿಂದಲೇ ಬಣ್ಣ, ಅದರಿಂದಲೇ ಟ್ಯಾನಿನ್. ಟ್ಯಾನಿನ್ ಅಂದರೆ ಏನು ಅಂತ ಕನ್ನಡದವರಿಗೆ ವಿವರಿಸಬೇಕಾಗಿಲ್ಲ. ನೇರಳೆ ಹಣ್ಣು ತಿಂದಾಗ, ಹಸಿ ಅಡಿಕೆ ಅಗಿದಾಗ ನಾಲಿಗೆ ಬಿಗಿಯುತ್ತದಲ್ಲ, ಆ ಒಗರು. ಒಂದು ಪರೀಕ್ಷೆ ಮಾಡಿ. ಚಹಾ ಪುಡಿಯನ್ನು ಚೆನ್ನಾಗಿ ಕುದಿಸಿ, ಹಾಲಿಲ್ಲದೆ ಒಂದು ಗುಟುಕು ಕುಡಿಯಿರಿ. ಬಾಯಿ ಒಣಗುತ್ತದೆ. ಅದಕ್ಕೇ ಎರಡು ಚಮಚ ಹಾಲು ಹಾಕಿ ಕುಡಿಯಿರಿ. ಒಗರು ತಗ್ಗಿರುತ್ತದೆ, ಯಾಕೆಂದರೆ ಹಾಲಿನ ಪ್ರೋಟೀನು ಟ್ಯಾನಿನ್ ಅನ್ನು ಹಿಡಿದುಕೊಳ್ಳುತ್ತದೆ. ವೈನ್ ಜೊತೆ ಮಾಂಸ ತಿಂದಾಗ ನಡೆಯುವುದೂ ಹೆಚ್ಚೂಕಮ್ಮಿ ಇದೇ.

ಹಾಗಾಗಿ ಜಿಡ್ಡು ಇರುವ, ಖಾರ ಹದವಾಗಿರುವ ಅಡುಗೆ ಹುಡುಕಿ. ನನ್ನ ಮಟ್ಟಿಗೆ ಮೊದಲ ಸ್ಥಾನ ಕೊಡಗಿನ ಪಂದಿ ಕರಿಗೆ. ಹಂದಿ ಕೊಬ್ಬು ಒಗರನ್ನು ನುಂಗುತ್ತದೆ, ಹುರಿದ ಕರಿಮೆಣಸು ಶಿರಾಝ್‌ನ ಮೆಣಸಿನ ವಾಸನೆಗೆ ಜೊತೆಯಾಗುತ್ತದೆ. ಕಾಚಂಪುಳಿ (ಕೊಡಗಿನವರು ಹಾಕುವ ಕಪ್ಪು ಹುಳಿ ರಸ) ಮಾತ್ರ ಅರ್ಧ ಚಮಚ ಕಡಿಮೆ ಹಾಕಿ. ಹುಳಿ ಜಾಸ್ತಿಯಾದರೆ ವೈನ್ ಸಪ್ಪೆ ಅನಿಸುತ್ತದೆ. ಮಟನ್ ಚಾಪ್ಸ್ ಕೂಡ ಚೆನ್ನ. ದೊನ್ನೆ ಬಿರಿಯಾನಿ ಪರವಾಗಿಲ್ಲ, ಹಸಿಮೆಣಸಿನಕಾಯಿ ಎಷ್ಟಿದೆ ನೋಡಿಕೊಳ್ಳಿ. ಸಸ್ಯಾಹಾರಿಗಳು ಎಣ್ಣೆಗಾಯಿ, ಜೋಳದ ರೊಟ್ಟಿ ಇಟ್ಟುಕೊಳ್ಳಿ. ಶೇಂಗಾ, ಗುರೆಳ್ಳು, ಎಣ್ಣೆ ಸೇರಿ ಕೊಬ್ಬಿನ ಕೆಲಸ ಮಾಡುತ್ತವೆ. ನಮ್ಮ ಮನೆಯಲ್ಲಿ ಕೋಳಿಗಿಂತ ಇದೇ ಗೆದ್ದಿತು.

ಬಂಗುಡೆ, ಬೂತಾಯಿ ಬೇಡ. ಮೀನಿನ ಎಣ್ಣೆ, ವೈನ್‌ನಲ್ಲಿರುವ ಕಬ್ಬಿಣದಂಶ ಸೇರಿದರೆ ಬಾಯಲ್ಲಿ ತುಕ್ಕಿನ ರುಚಿ ಬರುತ್ತದೆ. ಮೈಸೂರು ಪಾಕ್ ಆಮೇಲೆ ತಿನ್ನಿ. ಸಿಹಿಯ ಮೇಲೆ ಕೆಂಪು ವೈನ್ ಸುಮ್ನೆ ಕಹಿ, ಹುಳಿ.

ತಿನ್ನುವ ಕ್ರಮವೂ ಇದೆ. ಮೊದಲು ಬರೀ ವೈನ್ ಒಂದು ಗುಟುಕು, ಆಮೇಲೆ ಒಂದು ತುತ್ತು, ನುಂಗಿದ ಮೇಲೆ ಮತ್ತೆ ವೈನ್. ಎರಡನೇ ಗುಟುಕು ಮೊದಲಿನದಕ್ಕಿಂತ ಮೆತ್ತಗಿದ್ದರೆ ಜೋಡಿ ಕೂಡಿಬಂತು. ಬಾಯಿ ಉರಿದರೆ ಮೊಸರು ತಗೊಳ್ಳಿ.

ಉಳಿದ ವೈನ್‌ಗೆ ಬಿರಡೆ ಒತ್ತಿ ಫ್ರಿಜ್‌ನಲ್ಲಿಟ್ಟರೆ ಎರಡು ಮೂರು ದಿನ ಬರುತ್ತದೆ. ನಾಲ್ಕನೇ ದಿನ ಸಪ್ಪೆ ಅನಿಸಿದರೆ ಚೆಲ್ಲಬೇಡಿ, ಮಟನ್ ಹುರಿಯುವಾಗ ಅರ್ಧ ಲೋಟ ಸುರಿದು, ಮುಚ್ಚಳ ತೆಗೆದೇ ಕುದಿಸಿ.