ಚಾರ್ಜ್ ಆಗುತ್ತಿದೆ, ಕಂಪ್ಯೂಟರ್‌ನಲ್ಲಿ ಕಾಣುತ್ತಿಲ್ಲ: ಟ್ಯಾಬ್ ಜೋಡಿಸಿಕೊಳ್ಳುವ ನನ್ನ ಅನುಭವ

ಟ್ಯಾಬ್‌ನಲ್ಲಿ ಪಾಠದ ವಿಡಿಯೊ ರೆಕಾರ್ಡ್ ಮಾಡಿ, ಕಂಪ್ಯೂಟರ್‌ನಲ್ಲಿ ಎಡಿಟ್ ಮಾಡುವುದು ನನ್ನ ನಿತ್ಯದ ಕೆಲಸ. ಒಂದೊಂದು ಫೈಲ್ 2-3 ಜಿಬಿ ಇರುತ್ತದೆ. ಅಷ್ಟು ದೊಡ್ಡದನ್ನು ಮೊದಲು ಇಂಟರ್ನೆಟ್‌ಗೆ ಏರಿಸಿ, ಮತ್ತೆ ಅಲ್ಲಿಂದ ಇಳಿಸಿಕೊಳ್ಳುವುದು ಸುಮ್ನೆ ಸುತ್ತುಬಳಸಿನ ದಾರಿ. ಟ್ಯಾಬ್, ಕಂಪ್ಯೂಟರ್ ಎರಡೂ ಒಂದೇ ಮೇಜಿನ ಮೇಲಿವೆ, ನಡುವೆ ಒಂದು ಕೇಬಲ್ ಇದ್ದರೆ ಆಯ್ತು. ಆದರೂ ಎಷ್ಟೋ ಜನ ಕೇಬಲ್ ಸಹವಾಸವೇ ಬೇಡ ಅಂತ ಬಿಟ್ಟಿರುತ್ತಾರೆ. ಕೇಳಿದರೆ ಎಲ್ಲರದ್ದೂ ಒಂದೇ ದೂರು: "ಕೇಬಲ್ ಹಾಕಿದ್ರೆ ಚಾರ್ಜ್ ಆಗುತ್ತೆ, ಕಂಪ್ಯೂಟರ್‌ನಲ್ಲಿ ಮಾತ್ರ ಏನೂ ಬರಲ್ಲ."

ಚಾರ್ಜ್ ಆಗುವುದು ಬೇರೆ, ಡೇಟಾ ಹೋಗುವುದು ಬೇರೆ. ಸಾಮಾನ್ಯ ಯುಎಸ್‌ಬಿ 2.0 ಕೇಬಲ್ ಒಳಗೆ ನಾಲ್ಕು ತಂತಿಗಳಿರುತ್ತವೆ. ಎರಡು ಕರೆಂಟ್‌ಗೆ, ಇನ್ನೆರಡು ಡೇಟಾಗೆ. ಕೆಲವು ಅಗ್ಗದ ಕೇಬಲ್‌ಗಳಲ್ಲಿ ಡೇಟಾ ತಂತಿಗಳೇ ಇರುವುದಿಲ್ಲ. ಚಾರ್ಜ್ ಮಾಡುವ ಬ್ಲೂಟೂತ್ ಸ್ಪೀಕರ್, ಟಾರ್ಚ್ ಇಂಥವುಗಳ ಜೊತೆ ಬರುವ ಕೇಬಲ್‌ಗಳಲ್ಲಿ ಇದು ಜಾಸ್ತಿ. ಹೊರಗಿನಿಂದ ನೋಡಿದರೆ ಎಲ್ಲ ಒಂದೇ ಥರ ಕಾಣುತ್ತವೆ, ಅದೇ ತೊಂದರೆ. ಅದಕ್ಕೇ ಟ್ಯಾಬ್ ಕಾಣಿಸದಿದ್ದಾಗ ನಾನು ಸೆಟ್ಟಿಂಗ್ಸ್ ಮುಟ್ಟುವ ಮೊದಲು ಕೇಬಲ್ ಬದಲಿಸುತ್ತೇನೆ. ಅದೇ ಕೇಬಲ್‌ನಲ್ಲಿ ಒಂದು ಮೊಬೈಲ್ ಜೋಡಿಸಿ, ಅದರ ಫೈಲ್‌ಗಳು ಕಂಪ್ಯೂಟರ್‌ನಲ್ಲಿ ಕಾಣುತ್ತವಾ ಅಂತ ನೋಡುವುದೂ ಒಳ್ಳೆಯ ಪರೀಕ್ಷೆ. ಹೀಗೆ ಪಾಸಾದ ಕೇಬಲ್‌ಗೆ ಬಣ್ಣದ ಟೇಪ್ ಸುತ್ತಿ ಬೇರೆ ಇಟ್ಟುಬಿಟ್ಟಿದ್ದೇನೆ. ಅದನ್ನು ಬರೀ ಚಾರ್ಜ್ ಮಾಡಲು ಯಾರಿಗೂ ಕೊಡುವುದಿಲ್ಲ.

ಟೈಪ್ ಸಿ ಕೇಬಲ್ ಆದರೆ ಇನ್ನೊಂದು ಸಣ್ಣ ಕೆಲಸ ಮಾಡುತ್ತೇನೆ. ಪ್ಲಗ್ ತೆಗೆದು, ತಿರುಗಿಸಿ ಹಾಕುತ್ತೇನೆ. ಯಾವ ಕಡೆ ಹಾಕಿದರೂ ನಡೆಯಬೇಕು ಅಂತಲೇ ಅದನ್ನು ಮಾಡಿದ್ದು, ನಿಜ. ಆದರೆ ಯುಎಸ್‌ಬಿ 2.0 ಡೇಟಾದ ಪಿನ್‌ಗಳು ಪ್ಲಗ್‌ನ ಒಂದೇ ಬದಿಯಲ್ಲಿರುತ್ತವೆ. ಟ್ಯಾಬ್‌ನ ಪೋರ್ಟ್‌ನಲ್ಲಿ ಎರಡೂ ಬದಿ ಇರುತ್ತವೆ. ಪೋರ್ಟ್‌ನ ಒಂದು ಬದಿ ಸವೆದಿದ್ದರೆ ಅಥವಾ ಕಸ ಕೂತಿದ್ದರೆ, ತಿರುಗಿಸಿ ಹಾಕಿದಾಗ ಇನ್ನೊಂದು ಬದಿ ಸಿಕ್ಕಿ ಕೆಲಸ ಆಗಿಬಿಡುತ್ತದೆ. ಹಾಗೆ ಆದರೆ ಪೋರ್ಟ್ ಕ್ಲೀನ್ ಮಾಡಬೇಕು ಅಂತ ಅರ್ಥ. ಟ್ಯಾಬ್ ಆಫ್ ಮಾಡಿ, ಒಣಗಿದ ಮರದ ಟೂತ್‌ಪಿಕ್‌ನಿಂದ ಮೆಲ್ಲಗೆ ಕೆದಕಿದರೆ ಗಟ್ಟಿಯಾದ ದೂಳಿನ ಉಂಡೆ ಹೊರಗೆ ಬರುತ್ತದೆ. ಪಿನ್, ಸೂಜಿ ಹಾಕಲೇಬೇಡಿ.

ಕಂಪ್ಯೂಟರ್ ಕಡೆಯಿಂದಲೂ ಒಂದು ಮಾತು. ಹಬ್, ಎಕ್ಸ್‌ಟೆನ್ಶನ್ ಎಲ್ಲ ತೆಗೆದು ನೇರವಾಗಿ ಪೋರ್ಟ್‌ಗೆ ಹಾಕಿ. ಡೆಸ್ಕ್‌ಟಾಪ್ ಆದರೆ ಹಿಂದಿನ ಪೋರ್ಟ್ ಒಳ್ಳೆಯದು, ಅದು ಮದರ್‌ಬೋರ್ಡ್‌ನಲ್ಲೇ ಇರುತ್ತದೆ.

ಈಗ ಟ್ಯಾಬ್‌ಗೆ ಬರೋಣ. ಅರ್ಧಕ್ಕಿಂತ ಜಾಸ್ತಿ ಸಲ ಗಂಟು ಇಲ್ಲೇ ಇರುತ್ತದೆ. ಆಂಡ್ರಾಯ್ಡ್ ಟ್ಯಾಬ್‌ಗೆ ಕೇಬಲ್ ಹಾಕಿದ ಕೂಡಲೇ ಅದು ಬರೀ ಚಾರ್ಜ್ ಮಾಡಿಕೊಳ್ಳುತ್ತದೆ, ಫೈಲ್ ತೋರಿಸುವುದಿಲ್ಲ. ಅದು ಬೇಕಂತಲೇ ಇಟ್ಟಿರುವ ಭದ್ರತೆ. ಯಾರದ್ದೋ ಕಂಪ್ಯೂಟರ್‌ಗೆ ಚಾರ್ಜ್‌ಗೆ ಹಾಕಿದ ಮಾತ್ರಕ್ಕೆ ನಿಮ್ಮ ಫೋಟೊಗಳು ಅಲ್ಲಿ ತೆರೆದುಕೊಳ್ಳಬಾರದು ಅಲ್ವಾ? ಹಾಗಾಗಿ ಮೊದಲು ಸ್ಕ್ರೀನ್ ಅನ್‌ಲಾಕ್ ಮಾಡಿ. ಮೇಲಿನಿಂದ ನೋಟಿಫಿಕೇಶನ್ ಪಟ್ಟಿ ಎಳೆಯಿರಿ. ಯುಎಸ್‌ಬಿ ಮೂಲಕ ಚಾರ್ಜ್ ಆಗುತ್ತಿದೆ ಅನ್ನುವ ಸಾಲು ಕಾಣುತ್ತದೆ, ಅದನ್ನು ಒತ್ತಿ. ಕೆಲವು ಟ್ಯಾಬ್‌ಗಳಲ್ಲಿ ಎರಡು ಸಲ ಒತ್ತಬೇಕು. ಆಗ ಬರುವ ಪಟ್ಟಿಯಲ್ಲಿ ಫೈಲ್ ಟ್ರಾನ್ಸ್‌ಫರ್ ಆರಿಸಿಕೊಳ್ಳಿ. ವಿಂಡೋಸ್‌ನ ದಿಸ್ ಪಿಸಿಯಲ್ಲಿ ಟ್ಯಾಬ್‌ನ ಹೆಸರು ಬರುತ್ತದೆ. ಹೆಸರು ಬಂದು ಒಳಗೆ ಖಾಲಿ ಇದ್ದರೆ ಇನ್ನೂ ಈ ಅನುಮತಿ ಸಿಕ್ಕಿಲ್ಲ ಅಂತ ತಿಳಿಯಿರಿ.

ಪ್ರತಿಸಲ ಇದನ್ನು ಆರಿಸುವುದು ಬೇಜಾರಾದರೆ ಒಂದು ದಾರಿ ಇದೆ. ಸೆಟ್ಟಿಂಗ್ಸ್‌ನ ಅಬೌಟ್ ಟ್ಯಾಬ್ಲೆಟ್ ಭಾಗದಲ್ಲಿ ಬಿಲ್ಡ್ ನಂಬರ್ ಇರುತ್ತದೆ. ಅದರ ಮೇಲೆ 7 ಸಲ ಒತ್ತಿದರೆ ಡೆವಲಪರ್ ಆಪ್ಶನ್ಸ್ ತೆರೆಯುತ್ತದೆ. ಅಲ್ಲಿ ಡಿಫಾಲ್ಟ್ ಯುಎಸ್‌ಬಿ ಕಾನ್ಫಿಗರೇಶನ್ ಅನ್ನುವಲ್ಲಿ ಫೈಲ್ ಟ್ರಾನ್ಸ್‌ಫರ್ ಇಟ್ಟರೆ, ಅನ್‌ಲಾಕ್ ಮಾಡಿದ ತಕ್ಷಣ ಫೈಲ್‌ಗಳು ಕಾಣುತ್ತವೆ. ಟ್ಯಾಬ್ ಹೊರಗೆಲ್ಲ ತೆಗೆದುಕೊಂಡು ಹೋಗುವವರಿಗೆ ನಾನು ಇದನ್ನು ಹೇಳುವುದಿಲ್ಲ. ನನ್ನದು ಮನೆ ಬಿಟ್ಟು ಹೋಗುವುದಿಲ್ಲ, ಹಾಗಾಗಿ ಇಟ್ಟುಕೊಂಡಿದ್ದೇನೆ.

ಪೆನ್‌ಡ್ರೈವ್ ಥರ ಟ್ಯಾಬ್‌ಗೆ ಯಾಕೆ ಇ:, ಎಫ್: ಥರದ ಒಂದು ಡ್ರೈವ್ ಅಕ್ಷರ ಬರುವುದಿಲ್ಲ ಅಂತ ತುಂಬ ಜನ ಕೇಳುತ್ತಾರೆ. ಹಳೆಯ ಆಂಡ್ರಾಯ್ಡ್ ಮೊಬೈಲ್‌ಗಳಲ್ಲಿ ಹಾಗೇ ಬರುತ್ತಿತ್ತು. 2011ರಲ್ಲಿ ಟ್ಯಾಬ್ಲೆಟ್‌ಗಳಿಗೆಂದೇ ಬಂದ ಆಂಡ್ರಾಯ್ಡ್ 3.0ರಿಂದ ಎಂಟಿಪಿ (ಮೀಡಿಯಾ ಟ್ರಾನ್ಸ್‌ಫರ್ ಪ್ರೋಟೊಕಾಲ್) ಅನ್ನುವ ಪದ್ಧತಿ ಶುರುವಾಯಿತು. ಮೇಲೆ ಹೇಳಿದ ಫೈಲ್ ಟ್ರಾನ್ಸ್‌ಫರ್ ಅಂದರೆ ಇದೇ. ಹಳೆಯ ಪದ್ಧತಿ ಬೀರುವಿನ ಕೀಲಿಯನ್ನೇ ಕಂಪ್ಯೂಟರ್ ಕೈಗೆ ಕೊಟ್ಟ ಹಾಗೆ. ಅಷ್ಟು ಹೊತ್ತು ಟ್ಯಾಬ್‌ಗೇ ಅದನ್ನು ತೆರೆಯಲು ಆಗದು. ಎಂಟಿಪಿಯಲ್ಲಿ ಕೀಲಿ ಟ್ಯಾಬ್ ಹತ್ತಿರವೇ ಇರುತ್ತದೆ, ಕಂಪ್ಯೂಟರ್ ಕೇಳಿದ್ದನ್ನು ತೆಗೆದುಕೊಡುತ್ತದೆ.

ಇದು ಗೊತ್ತಿದ್ದರೆ ಮುಂದಿನ ಎಷ್ಟೋ ವಿಚಿತ್ರಗಳು ಅರ್ಥವಾಗುತ್ತವೆ. ಈಗಷ್ಟೇ ಮಾಡಿದ ವಿಡಿಯೊ ಕಂಪ್ಯೂಟರ್‌ನಲ್ಲಿ ಕಾಣುವುದಿಲ್ಲ, ಯಾಕೆ? ಟ್ಯಾಬ್ ಕೊಡುವುದು ತನ್ನ ಪಟ್ಟಿಯಲ್ಲಿರುವ ಫೈಲ್‌ಗಳನ್ನು. ಹೊಸದು ಇನ್ನೂ ಆ ಪಟ್ಟಿಗೆ ಸೇರಿರುವುದಿಲ್ಲ. ಕೇಬಲ್ ತೆಗೆದು ಹಾಕಿ, ಆಗದಿದ್ದರೆ ಟ್ಯಾಬ್ ರೀಸ್ಟಾರ್ಟ್ ಮಾಡಿ, ಬರುತ್ತದೆ. ವಿಡಿಯೊವನ್ನು ಟ್ಯಾಬ್‌ನಲ್ಲೇ ಇಟ್ಟುಕೊಂಡು ಎಡಿಟರ್‌ನಲ್ಲಿ ತೆರೆಯಲು ಹೋದರೆ ಆಗುವುದಿಲ್ಲ, ಮೊದಲು ಕಾಪಿ ಮಾಡಿಕೊಳ್ಳಲೇಬೇಕು. ಒಂದು ಕಾಪಿ ನಡೆಯುವಾಗ ಇನ್ನೊಂದು ಶುರು ಮಾಡಿದರೆ ಎರಡೂ ತಡವರಿಸುತ್ತವೆ.

ಕಾಪಿ ಮಾಡುವ ವಿಷಯದಲ್ಲಿ ನಾನು ತುಂಬ ಕಟ್ಟುನಿಟ್ಟು. ಕಟ್ ಮಾಡಿ ಪೇಸ್ಟ್ ಮಾಡುವುದಿಲ್ಲ, ಯಾವಾಗಲೂ ಕಾಪಿ. ನಡುವೆ ಕೇಬಲ್ ಅಲುಗಾಡಿದರೂ ಮೂಲ ಫೈಲ್ ಟ್ಯಾಬ್‌ನಲ್ಲಿ ಉಳಿದಿರುತ್ತದೆ. ಕ್ಯಾಮೆರಾದ ವಿಡಿಯೊ, ಫೋಟೊ ಎಲ್ಲ ಡಿಸಿಐಎಂ ಅನ್ನುವ ಫೋಲ್ಡರ್‌ನಲ್ಲಿರುತ್ತವೆ. ಸ್ಕ್ರೀನ್ ರೆಕಾರ್ಡಿಂಗ್ ಇದ್ದರೆ ಮೂವೀಸ್ ಫೋಲ್ಡರ್ ಕೂಡ ನೋಡಿ. ಇಡೀ ಫೋಲ್ಡರ್ ಒಟ್ಟಿಗೆ ಎಳೆಯುವ ಬದಲು ಸ್ವಲ್ಪ ಸ್ವಲ್ಪವೇ ತೆಗೆದುಕೊಳ್ಳುತ್ತೇನೆ. ಮುಗಿದ ಮೇಲೆ ಎರಡೂ ಕಡೆ ಫೈಲ್‌ನ ಗಾತ್ರ ಒಂದೇ ಇದೆಯಾ ನೋಡುತ್ತೇನೆ. ಆಮೇಲೆ ಕಂಪ್ಯೂಟರ್‌ನಲ್ಲಿ ವಿಡಿಯೊ ತೆರೆದು ಕೊನೆಯ ಒಂದು ನಿಮಿಷ ಓಡಿಸುತ್ತೇನೆ. ಅರ್ಧಕ್ಕೆ ನಿಂತ ಕಾಪಿ ಇದ್ದರೆ ಅಲ್ಲಿ ಸಿಕ್ಕಿಬೀಳುತ್ತದೆ. ಇಷ್ಟಾದ ಮೇಲೆಯೇ ಟ್ಯಾಬ್‌ನಿಂದ ಡಿಲೀಟ್. ಕಂಪ್ಯೂಟರ್‌ನಿಂದ ಟ್ಯಾಬ್‌ನ ಫೈಲ್ ಡಿಲೀಟ್ ಮಾಡಿದರೆ ಅದು ರಿಸೈಕಲ್ ಬಿನ್‌ಗೆ ಹೋಗುವುದಿಲ್ಲ, ಹೋದದ್ದು ಹೋಯಿತು. ಇದನ್ನು ನೆನಪಿಟ್ಟುಕೊಳ್ಳಲೇಬೇಕು.

ವೇಗದ ಬಗ್ಗೆ ಸುಮಾರು ಜನರಿಗೆ ನಿರಾಸೆ ಆಗುತ್ತದೆ. ಟೈಪ್ ಸಿ ಅಂದರೆ ವೇಗ ಅಂತ ನಂಬಿರುತ್ತಾರೆ. ಸಿ ಅನ್ನುವುದು ಪ್ಲಗ್‌ನ ಆಕಾರ ಅಷ್ಟೇ. ಒಳಗೆ ಯುಎಸ್‌ಬಿ 2.0 ಇದ್ದರೆ ಲೆಕ್ಕದ ಪ್ರಕಾರ ಸೆಕೆಂಡಿಗೆ 480 ಮೆಗಾಬಿಟ್, ಅಂದರೆ 60 ಎಂಬಿ. ಕೈಗೆ ಸಿಗುವುದು ಹೆಚ್ಚುಕಡಿಮೆ ಅದರ ಅರ್ಧ. ಆ ವೇಗದಲ್ಲಿ 3 ಜಿಬಿ ಫೈಲ್‌ಗೆ ಒಂದೂವರೆ ಎರಡು ನಿಮಿಷ ಹಿಡಿಯುತ್ತದೆ. ಯುಎಸ್‌ಬಿ 3.0ಕ್ಕೆ 5 ಗಿಗಾಬಿಟ್ ಶಕ್ತಿ ಇದೆ, ಆದರೆ ಟ್ಯಾಬ್, ಕೇಬಲ್, ಕಂಪ್ಯೂಟರ್ ಮೂರೂ ಅದನ್ನು ಒಪ್ಪಬೇಕು. ಟ್ಯಾಬ್ 2.0 ಆಗಿದ್ದರೆ ದುಬಾರಿ ಕೇಬಲ್ ತಂದರೂ ಪ್ರಯೋಜನ ಇಲ್ಲ.

ಕೇಬಲ್, ಪೋರ್ಟ್, ಅನುಮತಿ ಎಲ್ಲ ಸರಿ ಇದ್ದೂ ಕಾಣದಿದ್ದರೆ ವಿಂಡೋಸ್‌ನ ಡಿವೈಸ್ ಮ್ಯಾನೇಜರ್ ತೆರೆಯುತ್ತೇನೆ. ಪೋರ್ಟಬಲ್ ಡಿವೈಸಸ್ ಕೆಳಗೆ ಹಳದಿ ಗುರುತು ಇದ್ದರೆ, ಅದನ್ನು ಅನ್‌ಇನ್‌ಸ್ಟಾಲ್ ಮಾಡಿ, ಕೇಬಲ್ ತೆಗೆದು ಮತ್ತೆ ಹಾಕಿದರೆ ಟ್ಯಾಬ್ ಗುರುತಿಸಲು ಬೇಕಾದ ಡ್ರೈವರ್ ಅನ್ನುವ ಸಾಫ್ಟ್‌ವೇರನ್ನು ವಿಂಡೋಸ್ ಹೊಸದಾಗಿ ಹಾಕಿಕೊಳ್ಳುತ್ತದೆ. ವಿಡಿಯೊ, ಸಂಗೀತದ ಸೌಲಭ್ಯ ತೆಗೆದು ಕೊಡುವ ವಿಂಡೋಸ್‌ನ ಎನ್ ಆವೃತ್ತಿಯಲ್ಲಿ ಎಂಟಿಪಿ ಇರುವುದೇ ಇಲ್ಲ, ಅಲ್ಲಿ ಮೀಡಿಯಾ ಫೀಚರ್ ಪ್ಯಾಕ್ ಹಾಕಿಕೊಳ್ಳಬೇಕು. ಮ್ಯಾಕ್‌ಗೂ ಎಂಟಿಪಿ ಬರುವುದಿಲ್ಲ, ಓಪನ್‌ಎಂಟಿಪಿಯಂಥ ಉಚಿತ ಆ್ಯಪ್ ಬೇಕು. ಲಿನಕ್ಸ್‌ನ ಹೆಚ್ಚಿನ ಡೆಸ್ಕ್‌ಟಾಪ್‌ಗಳಲ್ಲಿ ತಾನಾಗಿಯೇ ಕಾಣುತ್ತದೆ.

ಐಪ್ಯಾಡ್ ದಾರಿ ಬೇರೆ. ಕೇಬಲ್ ಹಾಕಿದಾಗ ಈ ಕಂಪ್ಯೂಟರನ್ನು ನಂಬಬಹುದಾ ಅಂತ ಕೇಳುತ್ತದೆ, ಟ್ರಸ್ಟ್ ಒತ್ತಿ ಪಾಸ್‌ಕೋಡ್ ಕೊಡಬೇಕು. ವಿಂಡೋಸ್‌ಗೆ ಫೋಟೊ ಕಾಪಿ ಮಾಡುವಾಗ ನಡುವೆ ನಿಂತು ಎರರ್ ಬರುತ್ತಿದ್ದರೆ, ಐಪ್ಯಾಡ್‌ನ ಫೋಟೋಸ್ ಸೆಟ್ಟಿಂಗ್ಸ್‌ನಲ್ಲಿ ಮ್ಯಾಕ್ ಅಥವಾ ಪಿಸಿಗೆ ಕಳಿಸುವ ಆಯ್ಕೆಯನ್ನು ಕೀಪ್ ಒರಿಜಿನಲ್ಸ್ ಮಾಡಿ. ಕಾಪಿ ಮಾಡುತ್ತಲೇ ಫೈಲ್‌ನ ನಮೂನೆ ಬದಲಿಸುವ ಕೆಲಸ ತಪ್ಪುತ್ತದೆ, ಎರರ್ ನಿಲ್ಲುತ್ತದೆ.

ಆಂಡ್ರಾಯ್ಡ್ ಟ್ಯಾಬ್‌ನ ದೊಡ್ಡ ಫೋಲ್ಡರ್‌ಗಳಿಗೆ ನನಗೆ ಜಾಸ್ತಿ ನಂಬಿಕೆ ಇರುವುದು ಎಡಿಬಿ ಮೇಲೆ. ಕಂಪ್ಯೂಟರ್‌ನಲ್ಲಿ ಕಮಾಂಡ್ ಟೈಪ್ ಮಾಡಿ ಟ್ಯಾಬ್‌ನಿಂದ ಕೆಲಸ ಮಾಡಿಸುವ ಸಾಧನ ಅದು. ಗೂಗಲ್ ಕೊಡುವ ಪ್ಲಾಟ್‌ಫಾರ್ಮ್ ಟೂಲ್ಸ್ ಇಳಿಸಿಕೊಂಡು, ಡೆವಲಪರ್ ಆಪ್ಶನ್ಸ್‌ನಲ್ಲಿ ಯುಎಸ್‌ಬಿ ಡೀಬಗ್ಗಿಂಗ್ ಆನ್ ಮಾಡಬೇಕು. ಎಡಿಬಿ ಡಿವೈಸಸ್ ಅಂತ ಕಮಾಂಡ್ ಕೊಟ್ಟಾಗ ಅನ್‌ಆಥರೈಸ್ಡ್ ಅಂತ ಬಂದರೆ ಟ್ಯಾಬ್‌ನ ಸ್ಕ್ರೀನ್ ನೋಡಿ, ಅಲ್ಲಿ ಅನುಮತಿ ಕೇಳುವ ಪೆಟ್ಟಿಗೆ ಕಾಯುತ್ತಿರುತ್ತದೆ. ಆಮೇಲೆ ಟ್ಯಾಬ್‌ನಿಂದ ಫೈಲ್ ಎಳೆದುಕೊಳ್ಳುವ ಎಡಿಬಿ ಪುಲ್ ಕಮಾಂಡ್‌ಗೆ ಹೈಫನ್ ಎ (-a) ಸೇರಿಸಿದರೆ ಫೈಲ್‌ನ ಹಳೆಯ ತಾರೀಕು, ಸಮಯ ಹಾಗೇ ಬರುತ್ತವೆ. ಎಂಟಿಪಿಯಲ್ಲಿ ಎಷ್ಟೋ ಸಲ ಕಾಪಿ ಮಾಡಿದ ದಿನದ ತಾರೀಕೇ ಕೂತುಬಿಡುತ್ತದೆ. ತಾರೀಕಿನ ಪ್ರಕಾರ ಪಾಠಗಳನ್ನು ಜೋಡಿಸಿಕೊಳ್ಳುವ ನನಗೆ ಇದು ದೊಡ್ಡ ಉಪಕಾರ. ಕೆಲಸ ಮುಗಿದ ಮೇಲೆ ಡೀಬಗ್ಗಿಂಗ್ ಆಫ್ ಮಾಡುತ್ತೇನೆ. ಬೇರೆಯವರ ಕಂಪ್ಯೂಟರ್‌ನಲ್ಲಿ ಮಾಡಿದ್ದರೆ, ಅದರ ಕೆಳಗೇ ಇರುವ ರಿವೋಕ್ ಆಯ್ಕೆಯನ್ನು ಒತ್ತಿ, ಕೊಟ್ಟಿದ್ದ ಅನುಮತಿಯನ್ನೂ ವಾಪಸ್ ತೆಗೆದುಕೊಳ್ಳುತ್ತೇನೆ.