‘ಶತ್ರು ಯೋಧ’ ಪ್ರಕರಣ ಓದುವುದು ಹೇಗೆ

ಕ್ಯೂಬಾದ ಗ್ವಾಂಟನಾಮೊದಲ್ಲಿರುವ ಅಮೆರಿಕದ ಸೇನಾ ಸೆರೆಮನೆಯ ಕೇಸುಗಳನ್ನು ಓದಲು ಕೂತ ಜೂನಿಯರ್‌ಗಳಿಗೆ ನಾನು ಹೇಳುವುದಿಷ್ಟು: ಮೊದಲು ತಾರೀಖು ನೋಡಿ. ಯುದ್ಧದ ಹೆಸರಿನಲ್ಲಿ ಹಿಡಿದಿಡಬಹುದಾದ ‘ಶತ್ರು ಯೋಧ’ ಯಾರು ಎಂಬ ವ್ಯಾಖ್ಯೆ ಅಮೆರಿಕದಲ್ಲಿ ಬದಲಾಗುತ್ತಲೇ ಬಂದಿದೆ.

2004ರ ಜುಲೈನಲ್ಲಿ ರಕ್ಷಣಾ ಇಲಾಖೆ ಕೊಟ್ಟ ವ್ಯಾಖ್ಯೆ ಎದುರಿಗಿರಲಿ. ತಾಲಿಬಾನ್, ಅಲ್ ಖೈದಾ ಅಥವಾ ಅವರ ಜೊತೆಗೂಡಿ ಕಾದಾಡುವ ಪಡೆಗಳ ಭಾಗವಾಗಿದ್ದವನು, ಇಲ್ಲವೇ ಅವರನ್ನು ಬೆಂಬಲಿಸಿದವನು. ‘ಬೆಂಬಲ’ದ ಕೆಳಗೆ ಗೆರೆ ಎಳೆಯಿರಿ. ಅದೇ ಡಿಸೆಂಬರ್‌ನಲ್ಲಿ ನ್ಯಾಯಾಧೀಶೆ ಜಾಯ್ಸ್ ಹೆನ್ಸ್ ಗ್ರೀನ್ ಕೇಳಿದರು: ಸ್ವಿಟ್ಜರ್ಲೆಂಡಿನ ಅಜ್ಜಿಯೊಬ್ಬರು ದಾನ ಅಂತ ಕೊಟ್ಟ ದುಡ್ಡು, ಅವರಿಗೇ ಗೊತ್ತಿಲ್ಲದೆ ಅಲ್ ಖೈದಾ ಕೈ ಸೇರಿದರೆ? ಅವರನ್ನೂ ಹಿಡಿದಿಡಬಹುದು ಎಂದರು ಸರ್ಕಾರಿ ವಕೀಲರು. ನನಗೆ ಇವತ್ತಿಗೂ ಭಯವಾಗುವುದು ಈ ಉತ್ತರಕ್ಕೆ.

ಆಮೇಲೆ ಸಾಕ್ಷ್ಯ ಹುಡುಕಿ. ಯಾಸರ್ ಹಮ್ದಿ ಲೂಸಿಯಾನದಲ್ಲಿ ಹುಟ್ಟಿದ ಅಮೆರಿಕದ ಪ್ರಜೆ, 2001ರಲ್ಲಿ ಅಫ್ಘಾನಿಸ್ತಾನದಲ್ಲಿ ಸೆರೆಸಿಕ್ಕ. ಅವನ ವಿರುದ್ಧ ಇದ್ದದ್ದು ರಕ್ಷಣಾ ಇಲಾಖೆಯ ಒಬ್ಬ ಅಧಿಕಾರಿಯ ಚಿಕ್ಕ ಲಿಖಿತ ಹೇಳಿಕೆ. ಆ ಅಧಿಕಾರಿ ಕಣ್ಣಾರೆ ಏನೂ ಕಂಡವರಲ್ಲ! 2004ರ ಜೂನ್ 28ರಂದು ಸುಪ್ರೀಂ ಕೋರ್ಟ್ ಹೇಳಿತು: ಯುದ್ಧದಲ್ಲಿ ಹಿಡಿದಿಡಬಹುದು, ಆದರೆ ಪ್ರಜೆಗೆ ಕಾರಣ ತಿಳಿಸಬೇಕು, ತಟಸ್ಥರ ಮುಂದೆ ಅದನ್ನು ಅಲ್ಲಗಳೆಯಲು ಬಿಡಬೇಕು.

ಬಂಧಿ ವಿದೇಶಿಯಾದರೆ 2008ರ ಬೂಮೆದಿಯೆನ್ ತೀರ್ಪಿಗೆ ಹೋಗಿ. ಹೇಬಿಯಸ್ ಕಾರ್ಪಸ್, ಅಂದರೆ ಬಂಧನವನ್ನು ಕೋರ್ಟಿನಲ್ಲಿ ಪ್ರಶ್ನಿಸುವುದು, ಗ್ವಾಂಟನಾಮೊದಲ್ಲಿದ್ದವರಿಗೂ ಸಂವಿಧಾನ ಕೊಟ್ಟ ಹಕ್ಕು ಎಂದು ಸುಪ್ರೀಂ ಕೋರ್ಟ್ ಹೇಳಿದ್ದು ಅಲ್ಲಿ. 2009ರ ಮಾರ್ಚ್ ನಂತರದ ಕೇಸಾದರೆ ‘ಶತ್ರು ಯೋಧ’ ಅಂತ ಹುಡುಕಬೇಡಿ. ಒಬಾಮ ಸರ್ಕಾರ ಆ ಹೆಸರು ಬಿಟ್ಟಿತು, ಬೆಂಬಲ ‘ಗಣನೀಯ’ವಾಗಿರಬೇಕು ಎಂದಿತು. ಹಿಡಿದಿಡುವ ಅಧಿಕಾರವನ್ನು ಮಾತ್ರ ಬಿಡಲಿಲ್ಲ.